ಕಡಿಮೆ ಮಾಡುವುದಾ, ಪೂರ್ತಿ ಬಿಡುವುದಾ?

ದಿನಕ್ಕೆ ಒಂದು ಪ್ಯಾಕ್ ಸಿಗರೇಟು ಸೇದುವವರು ಸಾಮಾನ್ಯವಾಗಿ ಮೂರು ದಾರಿ ಯೋಚಿಸುತ್ತಾರೆ: ಒಂದೆರಡಕ್ಕೆ ಇಳಿಸುವುದು, ಬೀಡಿಗೋ 'ಲೈಟ್' ಸಿಗರೇಟಿಗೋ ಬದಲಾಗುವುದು, ಇಲ್ಲವೇ ಪೂರ್ತಿ ಬಿಡುವುದು.

ಇಳಿಸಿದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸ್ವಲ್ಪ ತಗ್ಗುತ್ತದೆ. ಹೃದಯದ ಲೆಕ್ಕವೇ ಬೇರೆ. 20ರ ಬದಲು ಒಂದು ಸೇದಿದರೆ ಅಪಾಯವೂ 20ರಲ್ಲಿ ಒಂದು ಪಾಲು ಅಂದುಕೊಳ್ಳುತ್ತೇವೆ, ಅಲ್ವಾ? 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆ ಹಾಗೆ ಹೇಳುವುದಿಲ್ಲ. ದಿನಕ್ಕೆ 20 ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಏರುತ್ತದೋ, ಒಂದೇ ಸೇದುವವರಿಗೂ ಅದರ ಅರ್ಧದಷ್ಟು ಏರುತ್ತದೆ. ಸ್ವಲ್ಪ ಹೊಗೆಯೇ ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಜೊತೆಗೆ, ಕಡಿಮೆ ಮಾಡಿದವರು ಸಿಕ್ಕಿದ ಒಂದನ್ನೇ ಜೋರಾಗಿ ಎಳೆಯುವುದೂ ಉಂಟು.

ಬೀಡಿಯಲ್ಲಿ ತಂಬಾಕು ಕಡಿಮೆ, ನಿಜ. ಆದರೆ ಅದು ಆರದಂತೆ ಪದೇ ಪದೇ ಎಳೆಯಬೇಕು; ಟಾರು, ಕಾರ್ಬನ್ ಮೊನಾಕ್ಸೈಡ್ ಏನೂ ಕಮ್ಮಿಯಿಲ್ಲ. 'ಲೈಟ್' ಅನ್ನುವುದು ಸುಮ್ನೆ ಹೆಸರು.

ಬಿಟ್ಟರೆ ಒಂದೆರಡು ದಿನದಲ್ಲೇ ರಕ್ತದ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತದೆ. ಕೆಲವು ವರ್ಷಗಳಲ್ಲಿ ಹೃದಯಾಘಾತದ ಅಪಾಯ ಗಣನೀಯವಾಗಿ ತಗ್ಗುತ್ತದೆ. 10ರಿಂದ 15 ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸೇದುತ್ತಲೇ ಇರುವವರ ಅರ್ಧಕ್ಕೆ ಬರುತ್ತದೆ. ಮೊದಲ ಕೆಲವು ವಾರ ಸಿಡಿಮಿಡಿ, ನಿದ್ದೆಗೇಡು, ಜಾಸ್ತಿ ಹಸಿವು ಇದ್ದದ್ದೇ. ನಿಕೋಟಿನ್ ಚೂಯಿಂಗ್ ಗಮ್ ಸಹಾಯ ಮಾಡುತ್ತದೆ. ಪ್ಯಾಕಿನ ಮೇಲೇ ಇರುವ 1800-11-2356 ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

ಒಮ್ಮೆಲೇ ಬಿಡಲು ಆಗದಿದ್ದರೆ ಇಳಿಸಿ, ತೊಂದರೆಯಿಲ್ಲ. ಆದರೆ ಪೂರ್ತಿ ನಿಲ್ಲಿಸುವ ತಾರೀಖನ್ನು ಇವತ್ತೇ ಗುರುತು ಮಾಡಿಕೊಳ್ಳಿ.