ಸೆಸ್ನಾ 172ಕ್ಕೆ ಡೀಸೆಲ್ ಎಂಜಿನ್ ಕೂರಿಸಬೇಕಾ? ಸಿಡಿ-155 ಬಗ್ಗೆ ನನ್ನ ಅಭಿಪ್ರಾಯ

ಕಾಂಟಿನೆಂಟಲ್ ಸಿಡಿ-155 ನನಗೆ ತುಂಬಾ ಹಿಡಿಸಿದ ಡೀಸೆಲ್ ವಿಮಾನ ಎಂಜಿನ್. ಆದರೆ ಇಂಧನ ಉಳಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಹಳೇ ಸೆಸ್ನಾ 172 ಅನ್ನುವ ನಾಲ್ಕು ಸೀಟಿನ ಸಣ್ಣ ವಿಮಾನದ ಪೆಟ್ರೋಲ್ ಎಂಜಿನ್ ಇಳಿಸಿ ಇದನ್ನು ಕೂರಿಸಬೇಡಿ. ಸೋಗಾನೆಯ ವಿಮಾನ ನಿಲ್ದಾಣದಲ್ಲಿ 3,200 ಮೀಟರ್ ರನ್‌ವೇ ಆದ ಮೇಲೆ ನಮ್ಮ ಶಿವಮೊಗ್ಗದ ಗೆಳೆಯರಲ್ಲಿ ಸಣ್ಣ ವಿಮಾನದ ಮಾತು ಜಾಸ್ತಿಯಾಗಿದೆ. ಪೆಟ್ರೋಲ್, ಡೀಸೆಲ್ ಎರಡೂ ಬಗೆಯ 172 ಹಾರಿಸಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ಇದರ ಮೂಲ ಮರ್ಸಿಡಿಸ್ ಕಾರಿನ ಎಂಜಿನ್. ಎರಡು ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ, 155 ಅಶ್ವಶಕ್ತಿ. ಶುರುಮಾಡಿದ್ದು ಜರ್ಮನಿಯ ಥೀಲರ್ಟ್. ಅದು 2008ರಲ್ಲಿ ದಿವಾಳಿಯಾಯಿತು, 2013ರಲ್ಲಿ ಕಾಂಟಿನೆಂಟಲ್ ಗುಂಪಿನ ಕೈಗೆ ಬಂತು. ಬಂಕಿನ ಡೀಸೆಲ್ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ, ಹಾಕಬೇಕಾದ್ದು ಜೆಟ್ ಎ-1, ದೊಡ್ಡ ವಿಮಾನಗಳಿಗೆ ತುಂಬಿಸುವ ಅದೇ ಸೀಮೆಎಣ್ಣೆ ಜಾತಿಯ ಇಂಧನ. ಇದರ ದೊಡ್ಡ ಬಲವೇ ಅದು. ಪೆಟ್ರೋಲ್ ಸೆಸ್ನಾಕ್ಕೆ ಬೇಕಾದ ವಿಮಾನದ ಪೆಟ್ರೋಲ್, ಅಂದರೆ ಏವ್‌ಗ್ಯಾಸ್ 100ಎಲ್‌ಎಲ್‌ನಲ್ಲಿ ಸೀಸ ಇದೆ, 2022ರಲ್ಲಿ ಇಂಡಿಯನ್ ಆಯಿಲ್ ನಮ್ಮ ದೇಶದಲ್ಲೇ ತಯಾರಿಸುವ ತನಕ ಹೊರದೇಶದಿಂದ ಬರುತ್ತಿತ್ತು, ಈಗಲೂ ಎಲ್ಲ ನಿಲ್ದಾಣಗಳಲ್ಲಿ ಸಿಗುವುದಿಲ್ಲ. ಪೆಟ್ರೋಲ್ 172 ಗಂಟೆಗೆ 30–35 ಲೀಟರ್ ಕುಡಿದರೆ ಇದು 20ರ ಆಸುಪಾಸಿನಲ್ಲೇ ಮುಗಿಸುತ್ತದೆ.

ಹಾರಿಸುವುದಂತೂ ಬಹಳ ಸಲೀಸು. ಒಂದೇ ಲಿವರ್, ಉಳಿದದ್ದನ್ನು ಫ್ಯಾಡೆಕ್ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನಮ್ಮ ಮಲೆನಾಡಿಗೆ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಆಗುಂಬೆ, ಹೊಸನಗರದ ಕಡೆ ಮಳೆಗಾಲದ ಗಾಳಿ ಎಷ್ಟು ತೇವ ಅಂತ ಗೊತ್ತಲ್ವಾ? ಅಂಥ ಗಾಳಿಯಲ್ಲಿ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೇ 172ರ ಪವರ್ ಇಳಿಸಿದರೆ, ಹೊರಗೆ 20 ಡಿಗ್ರಿ ಇದ್ದರೂ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ನಿಂತೇ ಹೋಗಬಹುದು, ಕೆಳಗೆ ನೋಡಿದರೆ ಬರೀ ಕಾಡು, ಇಳಿಸಲು ಒಂದು ಗದ್ದೆಯೂ ಸಿಗುವುದಿಲ್ಲ. ಡೀಸೆಲ್‌ನಲ್ಲಿ ಕಾರ್ಬ್ಯುರೇಟರೇ ಇಲ್ಲ. ಘಟ್ಟದ ಮೇಲೆ ಹಾರುವವರಿಗೆ ಈ ನೆಮ್ಮದಿ ಲೀಟರ್ ಲೆಕ್ಕಕ್ಕಿಂತ ದೊಡ್ಡದು.

ಈಗ ತೊಂದರೆಗಳು. ಪೆಟ್ರೋಲ್ ಎಂಜಿನ್‌ಗೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇರುತ್ತದೆ, ಬ್ಯಾಟರಿ ಸತ್ತರೂ ಓಡುತ್ತದೆ. ಫ್ಯಾಡೆಕ್‌ಗೆ ಕರೆಂಟ್ ಬೇಕೇ ಬೇಕು. 2007ರಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಥೀಲರ್ಟ್ ಎಂಜಿನ್‌ಗಳ ಒಂದು ಡೈಮಂಡ್ ಡಿಎ42 (ಎರಡು ಎಂಜಿನ್ನಿನ ಸಣ್ಣ ವಿಮಾನ), ಬ್ಯಾಟರಿ ಖಾಲಿಯಾಗಿದ್ದರಿಂದ ಹೊರಗಿನ ಕರೆಂಟಿನಲ್ಲಿ ಸ್ಟಾರ್ಟ್ ಮಾಡಿ ಹೊರಟಿತ್ತು. ಟೇಕಾಫ್ ಆಗಿ ಚಕ್ರ ಎತ್ತಿದ ಕೂಡಲೇ ವೋಲ್ಟೇಜ್ ಕುಸಿದು ಎರಡೂ ಎಂಜಿನ್ ಕೈಕೊಟ್ಟವು. ಹಾಗಾಗಿ ಬ್ಯಾಕಪ್ ಬ್ಯಾಟರಿಯನ್ನು ಅವಧಿಗೆ ಸರಿಯಾಗಿ ಬದಲಿಸಿ. ದುರ್ಬಲ ಬ್ಯಾಟರಿ ಇಟ್ಟುಕೊಂಡು ದಯವಿಟ್ಟು ಹೊರಡಬೇಡಿ.

ದುಡ್ಡಿನ ಕಥೆ ಬೇರೆ. 172ರ ಪೆಟ್ರೋಲ್ ಎಂಜಿನ್ ಆದ ಲೈಕಮಿಂಗ್‌ಗೆ ವಯಸ್ಸಾದರೆ ಬಿಚ್ಚಿ ಓವರ್‌ಹಾಲ್ ಮಾಡಿಸಬಹುದು. ಸಿಡಿ-155ಕ್ಕೆ ನಿಗದಿಯಾದ ಹಾರಾಟದ ಗಂಟೆ ಮುಗಿದರೆ ಎಂಜಿನ್ನನ್ನೇ ಬದಲಿಸಬೇಕು. ಗೇರ್‌ಬಾಕ್ಸ್‌ಗೂ ಅದರದೇ ಅವಧಿ ಇದೆ, ಹಳೇ ಥೀಲರ್ಟ್ ಕಾಲದಲ್ಲಂತೂ 300 ಗಂಟೆಗೊಮ್ಮೆ ತಪಾಸಣೆ ಬೇಕಿತ್ತು. ತೂಕವೂ ಜಾಸ್ತಿ.

ದಿನವಿಡೀ ಹಾರುವ ತರಬೇತಿ ಶಾಲೆಗೆ ಕಣ್ಣುಮುಚ್ಚಿ ಹೇಳುತ್ತೇನೆ, ಹಾಕಿಸಿ. ಭಾನುವಾರ ಮಾತ್ರ ಹಾರುವ ಮಾಲೀಕರಿಗೆ ಹಾಕಿದ ದುಡ್ಡು ಹುಟ್ಟುವುದಿಲ್ಲ, ಲೈಕಮಿಂಗ್ ಇರಲಿ. ಹಾಕಿಸುವುದೇ ಆದರೆ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಒಪ್ಪಿಗೆ ಮತ್ತು ಬದಲಿ ಎಂಜಿನ್ನಿನ ಬೆಲೆ ಮೊದಲೇ ಬರಹದಲ್ಲಿ ಕೇಳಿ. ಟ್ಯಾಂಕಿನ ಮುಚ್ಚಳದ ಪಕ್ಕ ‘ಜೆಟ್ ಎ-1 ಮಾತ್ರ’ ಅಂತ ದೊಡ್ಡದಾಗಿ ಬರೆಸಿ, ಏಕೆಂದರೆ ಇಂಧನ ತುಂಬುವ ಹುಡುಗನಿಗೆ ಎರಡೂ ಸೆಸ್ನಾ ಹೊರಗಿನಿಂದ ಒಂದೇ ಥರ ಕಾಣುತ್ತವೆ.