ಮಧ್ಯಮ ಬೆಲೆಯ ಸ್ಟೀರಿಯೊ ಆಂಪ್ಲಿಫೈಯರ್: ವರ್ಷಗಟ್ಟಲೆ ಬಳಸಿದ ಮೇಲೆ ಹೇಳಬೇಕಾದ್ದು

ಮೊದಲೇ ಹೇಳಿಬಿಡುತ್ತೇನೆ, ಈ ಆಂಪ್ಲಿಫೈಯರ್ ಅಂದ್ರೆ ನನಗೆ ತುಂಬಾ ಇಷ್ಟ. ಮಾರುವ ಯೋಚನೆ ಇಲ್ಲ. ಆದರೆ ಯಾರಾದರೂ ಇಂಥದ್ದೇ ಹೊಸದು ತಗೊಳ್ಳಲಾ ಅಂತ ಕೇಳಿದರೆ ತಕ್ಷಣ ಹೂಂ ಅನ್ನಲು ಬಾಯಿ ಬರುತ್ತಿಲ್ಲ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಬೆಲೆಯ ಬೇರೆ ಬೇರೆ ಬ್ರ್ಯಾಂಡ್ ಇಟ್ಟುಕೊಂಡ ಗೆಳೆಯರೂ ಇದೇ ಪಾಡು ಪಟ್ಟಿದ್ದಾರೆ.

ತುಮಕೂರಿನ ಸೋಮೇಶ್ವರಪುರದಲ್ಲಿ ನಮ್ಮ ಮನೆ, ಹಾಲ್ ಅಷ್ಟೇನೂ ದೊಡ್ಡದಲ್ಲ. ಜೊತೆಗಿರುವುದು ವಾರ್ಫ್‌ಡೇಲ್ ಡೈಮಂಡ್ ಸ್ಪೀಕರ್. ರಾತ್ರಿ ಊಟ ಆದ ಮೇಲೆ ಪಕ್ಕದ ಮನೆಯವರಿಗೆ ಕೇಳಿಸದ ಹಾಗೆ ಸಣ್ಣಗೆ ಇಟ್ಟರೂ ಮೃದಂಗದ ಎಡಗಡೆಯ ಗುಮ್ಕಿ ಬಿಡಿಯಾಗಿ ಕೇಳುತ್ತದೆ, ಹಾಡುವವರು ಉಸಿರು ಎಳೆದುಕೊಳ್ಳುವುದೂ ಗೊತ್ತಾಗುತ್ತದೆ. ಅಷ್ಟು ದುಡ್ಡು ಕೊಟ್ಟಿದ್ದು ಇದಕ್ಕೇ.

ಇನ್ನು ತೊಂದರೆ. ಆನ್ ಮಾಡಿ ಸ್ವಲ್ಪ ಹೊತ್ತಿಗೆ ಒಳಗೆ ‘ಟಕ್’ ಅನ್ನುತ್ತಲ್ಲ, ಅದು ಸ್ಪೀಕರ್ ರಿಲೇ, ಅಂದ್ರೆ ಸ್ಪೀಕರಿಗೆ ಸದ್ದು ಬಿಡುವ, ತಡೆಯುವ ತಾನಾಗೇ ಆಡುವ ಸ್ವಿಚ್. ಒಂದು ಬೇಸಿಗೆಯಲ್ಲಿ ಟಕ್ ಅನ್ನುತ್ತಿತ್ತು, ಆದರೆ ಎಡಗಡೆ ಸ್ಪೀಕರ್ ಸುಮ್ನೆ ಇರುತ್ತಿತ್ತು. ವಾಲ್ಯೂಮ್ ಜೋರು ಮಾಡಿದರೆ ಸದ್ದು ಬರುತ್ತದೆ, ಇಳಿಸಿದರೆ ಮತ್ತೆ ಹೋಗುತ್ತದೆ. ರಿಲೇ ಒಳಗಿನ ಕಾಂಟ್ಯಾಕ್ಟ್ ಕಪ್ಪಾದರೆ ಹೀಗೇ ಆಗುವುದು. ಕಂಪನಿಯವರಿಗೆ ಫೋನ್ ಮಾಡಿದರೆ ಬೆಂಗಳೂರಿನ ಸರ್ವಿಸ್ ಸೆಂಟರ್ ಮುಚ್ಚಿದೆ, ಮುಂಬೈಗೆ ಕಳಿಸಿ, ಇಡೀ ಬೋರ್ಡ್ ಬದಲಾಯಿಸಬೇಕಾಗಬಹುದು ಅಂದರು. ಸಾಗಿಸುವ ಖರ್ಚೂ ನಮ್ಮದೇ ಅಂತೆ!

ಕಡೆಗೆ ಕೆಲಸ ಆಗಿದ್ದು ಮಂಡಿಪೇಟೆ ಹತ್ತಿರ ಹಳೇ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ. ಮುಚ್ಚಳ ಬಿಚ್ಚಿ, ಧೂಳು ಊದಿ, ಟ್ರಾನ್ಸ್‌ಫಾರ್ಮರ್ ಮೇಲೆ ಕೈಯಿಟ್ಟು, “ಇಷ್ಟು ತಾಮ್ರ ಈಗ ಯಾರು ಸಾರ್ ಹಾಕ್ತಾರೆ, ಇದನ್ನ ಮಾತ್ರ ಬಿಸಾಕಬೇಡಿ” ಅಂದರು. ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಅದೇ ಅಳತೆಯ 24 ವೋಲ್ಟ್ ರಿಲೇ ತರಿಸಿ ಬೆಸುಗೆ ಹಾಕಿಕೊಟ್ಟರು. ರಿಲೇಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಆಮೇಲೆ ಆ ತೊಂದರೆ ಬಂದಿಲ್ಲ.

ಆದರೆ ಅವರ ಕೈಯಲ್ಲೂ ಆಗದ್ದು ಒಂದಿದೆ, ಇಂಟರ್ನೆಟ್‌ನಿಂದ ಹಾಡು ಎಳೆದುಕೊಳ್ಳಲು ಒಳಗಿರುವ ನೆಟ್‌ವರ್ಕ್ ಬೋರ್ಡ್. ಕೊಳ್ಳುವಾಗ ಅಂಗಡಿಯವರು ಜಾಸ್ತಿ ಹೊಗಳಿದ್ದು ಅದನ್ನೇ. ಕಂಪನಿ ಅಪ್‌ಡೇಟ್ ನಿಲ್ಲಿಸಿತು, ಹೊಸ ಫೋನಿನಲ್ಲಿ ಆ್ಯಪ್ ತೆರೆಯುವುದೇ ಇಲ್ಲ. ಈಗ ಹೊರಗಿನಿಂದ ಒಂದು ಚಿಕ್ಕ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಮಾಡಿಕೊಡುವ ಡಬ್ಬಿ) ಹಾಕಿಕೊಂಡು ಕೇಳುತ್ತಿದ್ದೇನೆ. ಸದ್ದು ಮಾಡುವ ಭಾಗಕ್ಕೆ ಇನ್ನೂ ಎಷ್ಟೋ ವರ್ಷ ಆಯಸ್ಸಿದೆ, ಅದರ ಜೊತೆ ಅಂಟಿಸಿದ ಕಂಪ್ಯೂಟರಿಗೆ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಈ ಕಂಪನಿಗಳ ಕಷ್ಟವೂ ಅರ್ಥವಾಗುತ್ತದೆ. 1978ರಲ್ಲಿ ನ್ಯಾಡ್ ಕಂಪನಿಯ 3020 ಆಂಪ್ಲಿಫೈಯರ್ ಬಂದಾಗ ಅದು ಚಾನೆಲ್‌ಗೆ ಬರೀ 20 ವಾಟ್, ನೋಡಲು ಸಾದಾ ಪೆಟ್ಟಿಗೆ, ದುಡ್ಡೆಲ್ಲ ಸರ್ಕ್ಯೂಟ್‌ಗೆ ಸುರಿದಿದ್ದರು, ಅದಕ್ಕೇ ಲೋಕವೇ ಕೊಂಡಿತು. ಈಗ ಅದೇ ದುಡ್ಡಿನಲ್ಲಿ ವೈಫೈ, ಬ್ಲೂಟೂತ್, ಡಿಸ್‌ಪ್ಲೇ, ಆ್ಯಪ್ ಎಲ್ಲ ಕೊಡಬೇಕು. ಕೆಳಗಿನಿಂದ ಚೀನಾದ ಫೋಸಿ, ಟಾಪಿಂಗ್‌ನಂಥವರು ಒಂದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಹಾಕಿ ಅಂಗೈಯಗಲದ ಕ್ಲಾಸ್ ಡಿ (ಕಡಿಮೆ ಬಿಸಿಯಾಗುವ, ದೊಡ್ಡ ಪೆಟ್ಟಿಗೆ ಬೇಡದ ಬಗೆಯ) ಆಂಪ್ಲಿಫೈಯರ್ ಮಾಡುತ್ತಾರೆ. ಗೆಳೆಯನ ಮನೆಯಲ್ಲಿ ಅಂಥದ್ದನ್ನು ಇದೇ ಸ್ಪೀಕರ್‌ಗೆ ಹಾಕಿ ಕೇಳಿದೆ. ಸಣ್ಣ ರೂಮಿಗೆ ಅದು ನಿಜಕ್ಕೂ ಸಾಕು, ವ್ಯತ್ಯಾಸ ಇದೆ ಅಂತ ಸುಳ್ಳು ಹೇಳಲಾರೆ. ಇನ್ನು ದುಡ್ಡಿರುವವರು ನೇರ ಮೇಲಿನದಕ್ಕೇ ಹೋಗುತ್ತಾರೆ. ಮಿಕ್ಕವರಿಗೆ ಟಿವಿ ಕೆಳಗೆ ಒಂದು ಸೌಂಡ್‌ಬಾರ್ ಆದರೆ ಆಯಿತು. ಮಧ್ಯದವರನ್ನು ಕೇಳುವವರು ಯಾರು?

ಹೆಸರುಗಳು ಕೈ ಬದಲಾಯಿಸುತ್ತಿರುವುದನ್ನೇ ನೋಡಿ. ಜಪಾನಿನ ಆಡಿಯೊ ಕಂಪನಿ ಒಂಕ್ಯೊ 2022ರಲ್ಲಿ ದಿವಾಳಿ ಅರ್ಜಿ ಹಾಕಿತು. ಡೆನಾನ್, ಮರಾಂಟ್ಜ್ ಆಡಿಯೊ ಬ್ರ್ಯಾಂಡ್‌ಗಳಿರುವ ಸೌಂಡ್ ಯುನೈಟೆಡ್ ಅನ್ನು ಅದೇ ವರ್ಷ ಆಸ್ಪತ್ರೆ ಸಲಕರಣೆ ಮಾಡುವ ಮಾಸಿಮೊ ನೂರು ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು ಕೊಂಡಿತು, 2025ರಲ್ಲಿ 35 ಕೋಟಿ ಡಾಲರ್‌ಗೆ ಸ್ಯಾಮ್‌ಸಂಗ್‌ನ ಹರ್ಮನ್‌ಗೆ ಮಾರಿತು. ಮೂರೇ ವರ್ಷದಲ್ಲಿ ಬೆಲೆ ಇಷ್ಟು ಬಿದ್ದರೆ ನಮ್ಮೂರಿಗೆ ರಿಪೇರಿ ವ್ಯವಸ್ಥೆ ಮಾಡಿ ಅಂತ ಯಾರನ್ನು ಕೇಳುವುದು, ಅಲ್ವಾ?

ಇಷ್ಟಾದರೂ ನಾನು ಈ ಬೆಲೆಯ ಆಂಪ್ಲಿಫೈಯರ್ ಪರವೇ. ಚಿಪ್ ಪೆಟ್ಟಿಗೆ ಕೆಟ್ಟರೆ ಬಹುತೇಕ ಎಸೆಯುವುದೇ. ಇದು ಕೆಟ್ಟರೆ ಒಳಗೆ ಕೈಯಾಡಿಸಲು ಜಾಗ ಇದೆ, ಬಿಡಿಭಾಗಕ್ಕೆ ಎಸ್‌.ಪಿ. ರೋಡ್ ಇದೆ. ಹಾಗಾಗಿ ವೈಫೈ ಇಲ್ಲದ ಸಾದಾ ಮಾದರಿಯನ್ನೇ ಕೇಳಿ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ನೋಡಲು ಹೋದಾಗ ಅವರು ಜೋರಾಗಿ ಹಾಕಿ ತೋರಿಸಿದರೆ ಸಾಲದು, ವಾಲ್ಯೂಮ್ ತೀರಾ ಸಣ್ಣಗೆ ಇಟ್ಟು ಎರಡೂ ಕಡೆ ಸದ್ದು ಬರುತ್ತಾ ಅಂತ ಸ್ಪೀಕರ್‌ಗೆ ಕಿವಿ ಕೊಟ್ಟು ಕೇಳಿ. ನಾಬ್ ತಿರುಗಿಸುವಾಗ ಕರಕರ ಅಂದರೆ ಕ್ಲೀನರ್ ಸ್ಪ್ರೇಗೆ ಸರಿಹೋಗುತ್ತದೆ, ಅದನ್ನು ಹೇಳಿ ಎರಡು ಸಾವಿರ ಕಡಿಮೆ ಮಾಡಿಸಿಕೊಳ್ಳಿ. ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬಂದರೆ ಮಾತ್ರ ಬೇಡ ಅಂತ ಹೇಳಿ ಎದ್ದು ಬನ್ನಿ.