ಅಂಗಡಿಗೆ ಟಿವಿ ಹಾಕಿಸೋ ಮುಂಚೆ ವಾರಂಟಿ ಕಾರ್ಡ್ ಓದಿ

ಸಾಗರದಲ್ಲಿ ನಮ್ಮದು ಗುಡಿಗಾರರ ಕೆತ್ತನೆ ಸಾಮಾನು ಮಾರುವ ಅಂಗಡಿ. ಜೋಗ ನೋಡೋಕೆ ಬಂದವರು ಒಳಗೆ ಬಂದಾಗ, ಗಂಧದ ಕೊರಡಿನಲ್ಲಿ ಗಣಪತಿಯ ಸೊಂಡಿಲು ಮೂಡುವ ವಿಡಿಯೋ ಗೋಡೆ ಮೇಲೆ ಓಡ್ತಾನೇ ಇರಲಿ ಅಂತ ಟಿವಿ ಹಾಕಿಸಿದ್ವಿ. ಬೆಳಗ್ಗೆಯಿಂದ ರಾತ್ರಿವರೆಗೂ ಓಡಬೇಕು ಅಂತ ಡೀಲರ್‌ಗೆ ಬಿಡಿಸಿ ಹೇಳಿದ್ದೆ. "ಪೆನ್‌ಡ್ರೈವ್ ಹಾಕಿ, ರಿಪೀಟ್ ಒತ್ತಿ, ಅಷ್ಟೇ ಸಾರ್" ಅಂದು ಮನೆಬಳಕೆ ಟಿವಿಯನ್ನೇ ಕೊಟ್ಟು ಕಳಿಸಿದರು.

ಮೊದಲು ಕಾಟ ಕೊಟ್ಟಿದ್ದು ಕರೆಂಟ್. ಆಷಾಢದ ಮಳೆಯಲ್ಲಿ ಇಲ್ಲಿ ಅದು ಹೋಗಿ ಬಂದು ಮಾಡೋದು ನಿಮಗೆ ಗೊತ್ತೇ ಇದೆ. ಕರೆಂಟ್ ಬಂದರೂ ಟಿವಿ ಕೆಂಪು ದೀಪ ಹಚ್ಚಿಕೊಂಡು ಸುಮ್ಮನಿರುತ್ತಿತ್ತು. ಗಿರಾಕಿಯನ್ನು ನಿಲ್ಲಿಸಿ ರಿಮೋಟ್ ಹುಡುಕಬೇಕು, ಫೈಲ್ ತೆರೆಯಬೇಕು, ರಿಪೀಟ್ ಮತ್ತೆ ಹಾಕಬೇಕು. ಸಾಲದ್ದಕ್ಕೆ, ಕೆಲವು ಗಂಟೆ ರಿಮೋಟ್ ಮುಟ್ಟದಿದ್ದರೆ ತಾನೇ ಆರುತ್ತಿತ್ತು. ಇದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು.

ನಿಜವಾದ ಪೆಟ್ಟು ಆಮೇಲೆ ಬಿತ್ತು. ಪರದೆಯ ಬಲಗಡೆ ಅಂಗೈ ಅಗಲದ ಪಟ್ಟಿ ಕಪ್ಪಾಯಿತು. ಸರ್ವೀಸಿನವರು ಬಂದು ಬ್ಯಾಕ್‌ಲೈಟ್ (ಪರದೆಯ ಹಿಂದಿನಿಂದ ಬೆಳಕು ಕೊಡೋ ದೀಪ) ಹೋಗಿದೆ ಅಂದರು, ಅಂಗಡಿಯ ಫೋಟೋ ತೆಗೆದುಕೊಂಡರು, "ವಾಣಿಜ್ಯ ಬಳಕೆ, ವಾರಂಟಿ ಬರಲ್ಲ" ಅಂತ ಬರೆದುಕೊಟ್ಟು ಹೋದರು. ವಾರಂಟಿ ಕಾರ್ಡಿನ ಹಿಂದೆ, ಸಾಸಿವೆಯಂಥ ಅಕ್ಷರದಲ್ಲಿ ಅದೇ ಷರತ್ತು ಇತ್ತು. ಅಂಗಡಿಗೆ ಅಂತ ಗೊತ್ತಿದ್ದೂ ಮಾರಿದವರು ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಇದು ಶುದ್ಧ ಮೋಸ ಮಾರಾಯ್ರೇ.

ಹೋಂಸ್ಟೇ, ಹೋಟೆಲ್, ಕ್ಲಿನಿಕ್‌ಗೆ ಹಾಕಿಸುವವರು ಸೈನೇಜ್ ಡಿಸ್‌ಪ್ಲೇ, ಅಂದರೆ ಅಂಗಡಿ-ಹೋಟೆಲ್‌ಗಳಲ್ಲಿ ಹೊತ್ತುಗಟ್ಟಲೆ ಓಡಿಸೋಕೆ ಅಂತಲೇ ಮಾಡಿದ ಪರದೆ, ಅಂತಲೇ ಕೇಳಿ. ಬೆಲೆ ಜಾಸ್ತಿ, ಆದರೆ ದಿನಕ್ಕೆ 16 ಗಂಟೆ, 24 ಗಂಟೆ ಅಂತ ಎಷ್ಟು ಹೊತ್ತು ಓಡಿಸಬಹುದು ಅನ್ನೋದನ್ನು ಕಂಪನಿಯೇ ನಮೂದಿಸಿರುತ್ತದೆ. ದುಡ್ಡು ಕೊಡೋ ಮೊದಲು ನಿಮ್ಮದೇ ಪೆನ್‌ಡ್ರೈವ್ ಹಾಕಿಸಿ ಓಡಿಸಿ. ಓಡುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿ, ಮತ್ತೆ ಹಾಕಿ. ರಿಮೋಟ್ ಮುಟ್ಟದೆ ವಿಡಿಯೋ ತಾನಾಗಿ ಶುರುವಾಗದಿದ್ದರೆ ಆ ಸೆಟ್ ನಮ್ಮ ಮಲೆನಾಡಿಗೆ ಬೇಡ. ಪೆನ್‌ಡ್ರೈವ್ ಫ್ಯಾಟ್32 (ಫಾರ್ಮ್ಯಾಟ್ ಮಾಡುವಾಗ ಆರಿಸುವ ಒಂದು ಬಗೆ) ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರಲ್ಲ. ವಿಡಿಯೋ ಎಚ್.264 ಎಂಪಿ4 ಅನ್ನೋ ಸಾಮಾನ್ಯ ಫೈಲ್ ಬಗೆಯದ್ದಾಗಿದ್ದರೆ ಹೆಚ್ಚಿನ ಸೆಟ್‌ಗಳಲ್ಲಿ ತಕರಾರಿಲ್ಲ.

ಬಿಲ್ ಮೇಲೆ "ಅಂಗಡಿ ಬಳಕೆಗೆ" ಅಂತ ಬರೆಸಿ ಸೀಲ್ ಹಾಕಿಸಿಕೊಳ್ಳಿ. ಈಗಾಗಲೇ ಸಿಕ್ಕಿಬಿದ್ದವರು ಕೈಕಟ್ಟಿ ಕೂರಬೇಡಿ: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಲು ಅವಕಾಶವಿದೆ. ಸಹಾಯವಾಣಿ 1915.